ಕಷಾಯದ ಸುರಕ್ಷತೆ: ಪರೀಕ್ಷೆ ಏಕೆ, ಹೇಗೆ?



ಕಳೆದ ಮಹಾಸಭೆಯಲ್ಲಿ ಜಮಾಖರ್ಚು ಮಂಜೂರಾಗಿ ಎಲ್ಲರೂ ಊಟಕ್ಕೆ ಏಳುವ ಹೊತ್ತಿಗೆ ಹಿಂದಿನ ಸಾಲಿನಿಂದ ಹಿರಿಯ ಸದಸ್ಯರೊಬ್ಬರು ಎದ್ದು ನಿಂತರು. ಅಮೃತಬಳ್ಳಿ ನಮ್ಮ ಹಾಲುವಾಣದ ಮರಗಳ ಮೇಲೂ ಬೇಲಿಯ ಮೇಲೂ ಬೇಡವೆಂದರೂ ಹಬ್ಬುತ್ತದೆ, ಪೇಟೆಯಲ್ಲಿ ಅದರ ರಸವನ್ನೇ ಬಾಟಲಿಗೆ ತುಂಬಿ ಮಾರುತ್ತಾರೆ, ಹಾಗಿದ್ದ ಮೇಲೆ ನಮ್ಮ ಸಂಘವೇ ಏಕೆ ಕಷಾಯ ಮಾಡಿ ಮಾರಬಾರದು ಎಂದು ಕೇಳಿದರು. 2020ರಲ್ಲಿ ಸಂಘದ ಅಂಗಳದಲ್ಲಿ ಕುದಿಸಿ ಹಂಚಿದ ಕಷಾಯವನ್ನು ಊರೆಲ್ಲ ಹೊಗಳಲಿಲ್ಲವೇ ಎಂದೂ ಸೇರಿಸಿದರು. ಸಭೆ ಚಪ್ಪಾಳೆ ತಟ್ಟಿತು. ವಿಚಾರಿಸಿ ವರದಿ ಕೊಡುವ ಕೆಲಸವನ್ನು ಆಡಳಿತ ಮಂಡಳಿ ನಮಗೆ ಒಪ್ಪಿಸಿತು. ವಿಚಾರಿಸಿದೆವು, ತಿಳಿದವರನ್ನು ಕಂಡೆವು, ಸಿಕ್ಕಿದ್ದನ್ನು ಓದಿದೆವು. ಮಂಡಳಿಗೆ ಕೊಟ್ಟ ವರದಿಯನ್ನೇ ಸ್ವಲ್ಪ ಬಿಡಿಸಿ ಇಲ್ಲಿ ಬರೆಯುತ್ತಿದ್ದೇವೆ. ಮಂಡಳಿಯವರಿಗಿಂತ ಮನೆಯಲ್ಲಿ ಕಷಾಯ ಕುದಿಸುವವರಿಗೆ ಇದು ಹೆಚ್ಚು ಬೇಕಾದ ವಿಷಯ.

ಮೊದಲು 2020ರ ಹಂಡೆಯ ಮಾತನ್ನೇ ಹೇಳಿಬಿಡುತ್ತೇವೆ. ಕೊರೋನಾ ಬಂದಾಗ ಊರಿಗೆ ಊರೇ ಹೆದರಿತ್ತು. ಅಮೃತಬಳ್ಳಿಯ ಕಾಂಡ, ಕಾಳುಮೆಣಸು, ಶುಂಠಿ, ತುಳಸಿ ಹಾಕಿ ಕುದಿಸಿ ದಿನಾ ಬೆಳಿಗ್ಗೆ ಹಂಚೋಣವೆಂದು ಮುಂದೆ ನಿಂತವರು ನಾವೇ. ಬಳ್ಳಿಯನ್ನು ಯಾರ ಯಾರ ತೋಟದಿಂದಲೋ ತಂದರು. ಒಂದು ದಿನ ಎರಡು ಕಟ್ಟು ಬಿದ್ದರೆ ಇನ್ನೊಂದು ದಿನ ನಾಲ್ಕು ಬೀಳುತ್ತಿತ್ತು. ಯಾರು ಎಷ್ಟು ಕುಡಿದರು, ಎಷ್ಟು ದಿನ ಕುಡಿದರು ಎಂಬ ಲೆಕ್ಕ ಇಡಲಿಲ್ಲ. ಮೈಲುತುತ್ತ ಹಂಚುವಾಗ ಮೂರು ಪ್ರತಿ ರಸೀತಿ ಬರೆಯುವ ಸಂಘ ನಮ್ಮದು. ಕಷಾಯಕ್ಕೆ ಒಂದು ಹಾಳೆ ಕಾಗದವೂ ಇರಲಿಲ್ಲ.

ಸುಮಾರು ಎರಡು ತಿಂಗಳಾದ ಮೇಲೆ ನಮ್ಮ ಸದಸ್ಯರೊಬ್ಬರ ಮನೆಯಾಕೆಗೆ ಕಾಮಾಲೆ ಕಾಣಿಸಿತು. ಅವರು ಮೊದಲಿನಿಂದಲೂ ಥೈರಾಯ್ಡಿಗೆ ಮಾತ್ರೆ ನುಂಗುತ್ತಿದ್ದವರು. ಹಂಡೆಯ ಕಷಾಯ ಸಾಲದೆಂದು ಮನೆಯಲ್ಲಿಯೂ ಸಂಜೆಗೊಂದು ಲೋಟ ಮಾಡಿಕೊಳ್ಳುತ್ತಿದ್ದರಂತೆ. ಆಸ್ಪತ್ರೆಯಲ್ಲಿ ಸೋಂಕಿನ ಕಾಮಾಲೆಗಳ ಪರೀಕ್ಷೆಯನ್ನೆಲ್ಲ ಮಾಡಿದರು, ಒಂದೂ ಕಾಣಲಿಲ್ಲ. ಆಮೇಲೆ ವೈದ್ಯರು, ಬೇರೆ ಏನಾದರೂ ಕುಡಿಯುತ್ತಿದ್ದೀರಾ ಎಂದು ಕೇಳಿದರು. ಕಷಾಯ ನಿಲ್ಲಿಸಿ ಚಿಕಿತ್ಸೆ ಪಡೆದ ಎರಡು ತಿಂಗಳಿಗೆ ಅವರು ಗುಣವಾದರು. ಕಷಾಯದಿಂದಲೇ ಆಯಿತೆಂದು ವೈದ್ಯರು ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಯಾವ ಬಳ್ಳಿ ಹಾಕಿದ್ದಿರಿ ಎಂದು ನಮ್ಮನ್ನು ಕೇಳಿದಾಗ ಉತ್ತರ ನಮ್ಮ ಬಳಿ ಇರಲಿಲ್ಲ. ಇದನ್ನು ಇಷ್ಟು ದಿನ ಸಭೆಯಲ್ಲಿ ಹೇಳದೆ ಇದ್ದುದು ನಮ್ಮ ತಪ್ಪು.

ಹಿರಿಯರು ನೂರಾರು ವರ್ಷ ಕುಡಿದದ್ದಕ್ಕೆ ಈಗೇನು ಪರೀಕ್ಷೆ ಎಂಬ ಮಾತು ಸಭೆಯಲ್ಲಿಯೂ ಕೇಳಿತು. ಅದು ತೆಗೆದುಹಾಕುವ ಮಾತಲ್ಲ. ಹಿರಿಯರು ಮಾಡಿದ್ದೂ ಪರೀಕ್ಷೆಯೇ. ಆ ಪರೀಕ್ಷೆ ಏನನ್ನು ಹಿಡಿಯುತ್ತಿತ್ತು, ಏನನ್ನು ಹಿಡಿಯಲಾರದೆ ಹೋಗುತ್ತಿತ್ತು ಎಂಬುದನ್ನು ಮಾತ್ರ ಬಿಡಿಸಿ ನೋಡಬೇಕು.

ಹಾಲೆಯೋ ಕಾಸರಕವೋ

ಘಟ್ಟದ ಕೆಳಗಿನ ಸದಸ್ಯರಿಗೆ ಆಟಿ ಅಮಾವಾಸ್ಯೆಯ ಹಾಲೆ ಕಷಾಯವನ್ನು ವಿವರಿಸಬೇಕಾಗಿಲ್ಲ. ಮೇಲಿನವರಿಗಾಗಿ ಹೇಳುವುದಾದರೆ, ಆ ದಿನ ಸೂರ್ಯ ಹುಟ್ಟುವ ಮೊದಲೇ ಹೋಗಿ ಹಾಲೆ ಮರದ ತೊಗಟೆಯನ್ನು ಕತ್ತಿ ಮುಟ್ಟಿಸದೆ ಕಲ್ಲಿನಿಂದ ಜಜ್ಜಿ ತರುತ್ತಾರೆ. ಅದನ್ನು ಅರೆದು ರಸ ತೆಗೆದು, ಕಾಳುಮೆಣಸು, ಬೆಳ್ಳುಳ್ಳಿ, ಓಮ ಸೇರಿಸಿ, ಕಾಯಿಸಿದ ಬೆಣಚುಕಲ್ಲನ್ನು ಅದರಲ್ಲಿ ಅದ್ದಿ, ಬರಿಹೊಟ್ಟೆಗೆ ಸ್ವಲ್ಪ ಕುಡಿಯುತ್ತಾರೆ. ದೇಹಕ್ಕೆ ಉಷ್ಣವಾಗಬಾರದೆಂದು ಹಿಂದೆಯೇ ಮೆಂತೆಯ ಗಂಜಿ. ಇದೆಲ್ಲ ವರ್ಷಕ್ಕೊಮ್ಮೆ ಮಾತ್ರ.

ನಮಗಾಗ ಹದಿನಾರು ವರ್ಷ. ಆ ಅಮಾವಾಸ್ಯೆಗೆ ಸೋದರಮಾವನ ಮನೆಯಲ್ಲಿದ್ದೆವು. ಹಿಂದಿನ ಸಂಜೆಯೇ ಹೋಗಿ ಮರ ನೋಡಿ ಗುರುತು ಮಾಡಿ ಬರುವುದು ಅಲ್ಲಿಯ ಪದ್ಧತಿ. ಆ ವರ್ಷ ಜಡಿಮಳೆಯೆಂದು ಮಾವನ ಮಗ ಆ ಕೆಲಸ ಬಿಟ್ಟ. ಬೆಳಗಿನ ಜಾವ ಕತ್ತಲೆಯಲ್ಲಿ ಹೋಗಿ ತೊಗಟೆ ಜಜ್ಜಿ ತಂದು ಅರೆಯುವ ಕಲ್ಲಿನ ಬಳಿ ಇಟ್ಟ. ಅತ್ತೆ ಒಂದು ಚೂರನ್ನು ಬೆರಳಲ್ಲಿ ಒತ್ತಿ ದೀಪಕ್ಕೆ ಹಿಡಿದು ನೋಡಿದರು. ಹಾಲಿಲ್ಲವಲ್ಲೋ ಎಂದರು, ಅಷ್ಟೆ. ಹಾಲೆಯ ಹಸಿ ತೊಗಟೆ ಗಾಯವಾದರೆ ಹಾಲು ಸುರಿಸುತ್ತದೆ, ಹೆಸರು ಬಂದದ್ದೇ ಅದರಿಂದ. ಬೆಳಕಾದ ಮೇಲೆ ಹೋಗಿ ನೋಡಿದರೆ ಅವನು ಜಜ್ಜಿದ್ದು ಹತ್ತು ಹೆಜ್ಜೆ ಆಚೆಗಿದ್ದ ಕಾಸರಕನ ಮರವನ್ನು. ಹಾಲೆಯ ಎಲೆಗಳು ಒಂದೇ ಗಂಟಿನ ಸುತ್ತ ಐದಾರು ಏಳು ಸೇರಿ ಛತ್ರಿಯಂತೆ ಹರಡಿರುತ್ತವೆ, ಸಂಸ್ಕೃತದಲ್ಲಿ ಸಪ್ತಪರ್ಣಿ. ಕಾಸರಕನ ಎಲೆ ಎದುರುಬದುರು ಜೋಡಿಯಾಗಿ ಬರುತ್ತದೆ, ಕಿತ್ತಳೆ ಬಣ್ಣದ ಗುಂಡು ಹಣ್ಣು ಬಿಡುತ್ತದೆ. ಹಗಲಿನಲ್ಲಿ ಮಗುವೂ ಗುರುತಿಸುತ್ತದೆ. ಕತ್ತಲಲ್ಲಿ ತೊಗಟೆಗೆ ತೊಗಟೆ ಒಂದೇ. ಕಾಸರಕನ ಬೀಜದಲ್ಲಿಯೂ ತೊಗಟೆಯಲ್ಲಿಯೂ ಸ್ಟ್ರಿಕ್ನೀನ್, ಬ್ರೂಸೀನ್ ಎಂಬ ವಿಷಗಳಿವೆ. ಸ್ಟ್ರಿಕ್ನೀನ್ ಹೊಟ್ಟೆಗೆ ಹೋದರೆ ಸ್ವಲ್ಪ ಹೊತ್ತಿನಲ್ಲೇ ಮೈಯೆಲ್ಲ ಸೆಟೆದು ಉಸಿರು ಕಟ್ಟುತ್ತದೆ. ಆ ದಿನ ನಾವೆಲ್ಲ ಬರೀ ಮೆಂತೆಗಂಜಿ ಕುಡಿದೆವು.

ಇಂಥ ಪ್ರಮಾದ ನಮ್ಮ ಕಾಡಿನಲ್ಲಷ್ಟೇ ಆದದ್ದಲ್ಲ. ದಕ್ಷಿಣ ಅಮೆರಿಕದಿಂದ ಯೂರೋಪಿಗೆ ಜ್ವರದ ಮದ್ದಾಗಿ ಹೋಗುತ್ತಿದ್ದ ಅಂಗಸ್ಟೂರ ಎಂಬ ತೊಗಟೆಯೊಡನೆ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಾಸರಕನ ತೊಗಟೆ ಬೆರೆತು ಜನ ವಿಷಬಾಧೆಗೆ ಒಳಗಾದರು. ಆ ಸುಳ್ಳು ಅಂಗಸ್ಟೂರದಿಂದಲೇ 1819ರಲ್ಲಿ ಪೆಲ್ತಿಯೆ ಮತ್ತು ಕವಾಂತೂ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞರು ಬ್ರೂಸೀನನ್ನು ಬೇರ್ಪಡಿಸಿದರು.

ಅತ್ತೆ ಮಾಡಿದ್ದು ಇಂದು ಪ್ರಯೋಗಶಾಲೆಯಲ್ಲಿ ಮಾಡುವ ಮೊಟ್ಟಮೊದಲ ಪರೀಕ್ಷೆಯೇ: ತಂದ ವಸ್ತು ಹೇಳಿದ ವಸ್ತುವೇ ಹೌದೇ? ಒಣಗಿಸಿ ಪುಡಿ ಮಾಡಿದ ಮೇಲೆ ಹಾಲೂ ಇಲ್ಲ, ಎಲೆಯೂ ಇಲ್ಲ. ಆದುದರಿಂದ ಮೊದಲೇ ಗಿಡದ ಒಂದು ರೆಂಬೆಯನ್ನು ಹೂವು ಕಾಯಿ ಸಮೇತ ಕಾಗದದಲ್ಲಿ ಒತ್ತಿ ಒಣಗಿಸಿ ಸಸ್ಯಶಾಸ್ತ್ರಜ್ಞರಿಂದ ಹೆಸರು ಬರೆಸಿ ಇಡುತ್ತಾರೆ. ಅದು ಆ ಸರಕಿನ ಪಹಣಿ ಇದ್ದಂತೆ. ಬೆಂಗಳೂರಿನ ಯಲಹಂಕದ ಬಳಿ ಇರುವ, ಹಿಂದೆ ಎಫ್‌ಆರ್‌ಎಲ್‌ಎಚ್‌ಟಿ ಎಂದೇ ಹೆಸರಾಗಿದ್ದ ಸಂಸ್ಥೆಯಲ್ಲಿ ಔಷಧಿ ಸಸ್ಯಗಳ ಇಂತಹ ದೊಡ್ಡ ಸಂಗ್ರಹವಿದೆ. ಇನ್ನು ಪುಡಿಗೆ ಬೇರೆ ಪರೀಕ್ಷೆ. ಅದರ ಸಾರದ ಒಂದು ಹನಿಯನ್ನು ಸಿಲಿಕಾ ಲೇಪಿಸಿದ ಸಣ್ಣ ತಗಡಿನ ಬುಡದಲ್ಲಿಟ್ಟು, ತಗಡಿನ ಅಂಚನ್ನು ದ್ರಾವಕದಲ್ಲಿ ಅದ್ದಿ ನಿಲ್ಲಿಸುತ್ತಾರೆ. ದ್ರಾವಕ ಬತ್ತಿಯಲ್ಲಿ ಎಣ್ಣೆ ಏರಿದಂತೆ ಏರುವಾಗ ಸಾರದಲ್ಲಿರುವ ಬೇರೆ ಬೇರೆ ವಸ್ತುಗಳು ಬೇರೆ ಬೇರೆ ಎತ್ತರದಲ್ಲಿ ಪಟ್ಟೆಗಳಾಗಿ ನಿಲ್ಲುತ್ತವೆ. ಖಚಿತವಾಗಿ ಗೊತ್ತಿರುವ ಗಿಡದ ಪಟ್ಟೆಗಳೊಡನೆ ಇವನ್ನು ಹೋಲಿಸಿ ನೋಡುತ್ತಾರೆ. ಹೆಬ್ಬೆಟ್ಟಿನ ಗುರುತು ನೋಡಿದ ಹಾಗೆಯೇ.

ಅಮೃತಬಳ್ಳಿಗೂ ಇದೇ ಮಾತು. ಅದಕ್ಕೆ ಹತ್ತಿರದ ಸಂಬಂಧಿಯಾದ ಇನ್ನೊಂದು ಬಳ್ಳಿಯಿದೆ, ಟಿನೊಸ್ಪೊರ ಕ್ರಿಸ್ಪ ಎಂದು ಹೆಸರು. ಅದರ ಕಾಂಡದ ಮೇಲೆ ದಪ್ಪ ಗಂಟುಗಂಟಾದ ಉಬ್ಬುಗಳಿರುತ್ತವೆ. ನಮ್ಮ ಹಂಡೆಗೆ ಬಿದ್ದದ್ದರಲ್ಲಿ ಎಲ್ಲವೂ ಅಮೃತಬಳ್ಳಿಯೇ ಎಂದು ನಾವು ಆಣೆ ಮಾಡಿ ಹೇಳಲಾರೆವು.

ಹಿರಿಯರ ಕಣ್ಣಿಗೆ ಬೀಳದೆ ಹೋದದ್ದು

ತಿಂದ ಗಂಟೆಯಲ್ಲಿ ಕೊಲ್ಲುವುದನ್ನು ಹಿರಿಯರು ತಪ್ಪದೆ ಗುರುತಿಸಿದರು. ಕಾಸರಕನ ಬೀಜವನ್ನು ಹಾಲಿನಲ್ಲಿ ಬೇಯಿಸಿ, ಸಿಪ್ಪೆ ಬಿಡಿಸಿ, ತುಪ್ಪದಲ್ಲಿ ಹುರಿದು ಶುದ್ಧಿ ಮಾಡಿದ ಮೇಲೆಯೇ ವೈದ್ಯರು ಬಳಸುತ್ತಾರೆ. ಹಾಗೆ ಮಾಡಿದಾಗ ಸ್ಟ್ರಿಕ್ನೀನ್ ಕಡಿಮೆಯಾಗುವುದನ್ನು ಪ್ರಯೋಗಶಾಲೆಯವರೂ ಅಳೆದು ಕಂಡಿದ್ದಾರೆ. ಆದರೆ ಇವತ್ತು ಕುಡಿದದ್ದು ಇಪ್ಪತ್ತು ವರ್ಷದ ಮೇಲೆ ಮೂತ್ರಪಿಂಡವನ್ನು ಕೆಡಿಸಿದರೆ ಅದನ್ನು ಕುಡಿದದ್ದಕ್ಕೆ ತಾಳೆ ಹಾಕುವವರು ಯಾರು? ಅಜ್ಜ ಬಾತು ಸತ್ತ ಎನ್ನುತ್ತಾರೆ, ಅಷ್ಟಕ್ಕೇ ಮುಗಿಯಿತು.

ಇದು ಬರಿಯ ಊಹೆಯಲ್ಲ. ನಮ್ಮ ಕಾಡಂಚಿನಲ್ಲಿ ಈಶ್ವರಿ ಬಳ್ಳಿ ಬೆಳೆಯುತ್ತದೆ. ಅದರ ಬೇರನ್ನು ಹಾವಿನ ವಿಷಕ್ಕೆ, ಹೊಟ್ಟೆನೋವಿಗೆ ಅರೆದು ಕೊಡುವುದನ್ನು ನಾವೂ ಕಂಡಿದ್ದೇವೆ. ನಮ್ಮ ರಾಜ್ಯದ ಚಿಟ್ಟೆ ಎನಿಸಿಕೊಂಡ ಸದರ್ನ್ ಬರ್ಡ್‌ವಿಂಗಿನ ಕಂಬಳಿಹುಳು ಈ ಜಾತಿಯ ಬಳ್ಳಿಗಳ ಎಲೆ ತಿಂದೇ ಬೆಳೆಯುತ್ತದೆ. ಎಲೆಯ ವಿಷವನ್ನು ಮೈಯಲ್ಲಿಟ್ಟುಕೊಂಡ ಆ ಹುಳುವಿನ ತಂಟೆಗೆ ಹಕ್ಕಿಗಳು ಹೋಗುವುದಿಲ್ಲ. ಆ ವಿಷದ ಹೆಸರು ಅರಿಸ್ಟೊಲೋಕಿಕ್ ಆಮ್ಲ.

ಬೆಲ್ಜಿಯಂ ದೇಶದ ಬ್ರಸೆಲ್ಸ್ ನಗರದಲ್ಲಿ ಮೈ ಇಳಿಸುವ ಚಿಕಿತ್ಸೆಗೆ ಚೀನಾದ ಗಿಡಮೂಲಿಕೆಗಳ ಪುಡಿಯನ್ನು ಕೊಡುತ್ತಿದ್ದರು. ಅದನ್ನು ಸೇವಿಸಿದ್ದ ಹೆಂಗಸರ ಮೂತ್ರಪಿಂಡಗಳು ಒಬ್ಬರ ಹಿಂದೊಬ್ಬರಂತೆ ಕೆಟ್ಟುದನ್ನು ಅಲ್ಲಿಯ ವೈದ್ಯರು 1993ರಲ್ಲಿ ಪ್ರಕಟಿಸಿದರು. ಕೊನೆಗೆ ತೊಂದರೆಗೆ ಒಳಗಾದವರು ನೂರರ ಹತ್ತಿರ. ಹಾಕಬೇಕಾಗಿದ್ದ ಬೇರಿಗೂ ಹಾಕಿದ ಬೇರಿಗೂ ಚೀನೀ ಭಾಷೆಯಲ್ಲಿ ಹೆಸರು ಹೆಚ್ಚುಕಡಿಮೆ ಒಂದೇ. ಒಂದು ಹಾನ್ ಫಾಂಗ್ ಜಿ, ಇನ್ನೊಂದು ಗುವಾಂಗ್ ಫಾಂಗ್ ಜಿ. ಎರಡನೆಯದು ನಮ್ಮ ಈಶ್ವರಿ ಬಳ್ಳಿಯ ಕುಲದ್ದು. ವಿಷಯ ಅಲ್ಲಿಗೂ ನಿಲ್ಲಲಿಲ್ಲ. ಅವರಲ್ಲಿ 39 ಮಂದಿಯ ಕೆಟ್ಟ ಮೂತ್ರಪಿಂಡಗಳನ್ನೂ ಮೂತ್ರನಾಳಗಳನ್ನೂ ತೆಗೆದು ಪರೀಕ್ಷಿಸಿದಾಗ 18 ಮಂದಿಯಲ್ಲಿ ಕ್ಯಾನ್ಸರ್ ಕಂಡಿತೆಂದು 2000ದಲ್ಲಿ ಪ್ರಕಟವಾಯಿತು. ಆ ಮೇಲೆ ಬಾಲ್ಕನ್ ದೇಶಗಳ ಒಂದು ಹಳೆಯ ಒಗಟೂ ಬಿಡಿಸಿಕೊಂಡಿತು. ಡ್ಯಾನ್ಯೂಬ್ ನದಿಯ ಉಪನದಿಗಳ ದಂಡೆಯ ರೈತರಲ್ಲಿ ತಲೆಮಾರುಗಳಿಂದ ಮೂತ್ರಪಿಂಡದ ರೋಗವಿತ್ತು. ಅವರ ಗೋಧಿ ಹೊಲದಲ್ಲಿ ಇದೇ ಕುಲದ ಒಂದು ಕಳೆ ಬೆಳೆದು, ಅದರ ಬೀಜ ಹಿಟ್ಟಿನಲ್ಲಿ ಸೇರುತ್ತಿತ್ತು. ತಲೆಮಾರುಗಟ್ಟಲೆ ದಿನವೂ ಆ ಹಿಟ್ಟಿನ ರೊಟ್ಟಿ ತಿಂದರೂ ಅದು ಯಾರಿಗೂ ತಿಳಿದಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2002ರಲ್ಲಿ ಈ ಕುಲದ ಮೂಲಿಕೆಗಳಿಂದಾದ ಮದ್ದುಗಳನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು.

ಅದೇ ಸಂಸ್ಥೆ 2004ರಲ್ಲಿ ಅಡಿಕೆಯನ್ನೂ ಆ ಪಟ್ಟಿಯಲ್ಲಿಯೇ ಇಟ್ಟಿತೆಂಬುದನ್ನು ತಾವೆಲ್ಲ ಬಲ್ಲಿರಿ. ಬೆಳೆಗಾರರ ಸಂಘಟನೆಗಳು ಅದನ್ನು ಒಪ್ಪಿಲ್ಲ, ಆಕ್ಷೇಪಣೆ ಇಂದಿಗೂ ನಡೆದಿದೆ. ತಂಬಾಕು ಬೆರೆತ ಗುಟ್ಕಾವನ್ನೂ ಬರಿಯ ಅಡಿಕೆಯನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿ ಎಂದು ನಾವೂ ಕೇಳುತ್ತಿದ್ದೇವೆ. ಸಂಸ್ಥೆಯವರು ತಂಬಾಕಿಲ್ಲದೆ ಅಡಿಕೆ ಜಗಿಯುವವರ ವಿವರವನ್ನೂ ನೋಡಿಯೇ ಆ ತೀರ್ಮಾನಕ್ಕೆ ಬಂದದ್ದೆಂಬುದನ್ನು ಮಾತ್ರ ನಾವು ಸಭೆಯಲ್ಲಿ ಮುಚ್ಚಿಡಬಾರದು. ಹೇಗೂ, ಅಡಿಕೆಯ ವಿಷಯದಲ್ಲಿ ಸರಿಯಾದ ಪರೀಕ್ಷೆಯಾಗಲಿ ಎನ್ನುವ ನಾವು ಕಷಾಯದ ವಿಷಯದಲ್ಲಿ ಪರೀಕ್ಷೆಯೇ ಬೇಡ ಎಂದರೆ ನಮ್ಮ ಬಾಯಿಗೆ ಬೆಲೆ ಉಳಿಯುವುದಿಲ್ಲ.

ಕಷಾಯ ಬೇರೆ, ಸಾರ ಬೇರೆ

ಒಂದು ಲೋಟ ಕಾಫಿಯಲ್ಲಿ ಸುಮಾರು 100 ಮಿಲಿಗ್ರಾಂ ಕೆಫೀನ್ ಇರುತ್ತದೆ. ಅದನ್ನೇ ಶುದ್ಧವಾಗಿ ಬೇರ್ಪಡಿಸಿದ ಬಿಳಿ ಪುಡಿಯ ಒಂದೇ ಒಂದು ಟೀ ಚಮಚ ಸುಮಾರು 28 ಲೋಟ ಕಾಫಿಗೆ ಸಮವೆಂದು ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಎಚ್ಚರಿಕೆ ಕೊಟ್ಟಿದೆ. ಆ ಪುಡಿ ತಿಂದು ಸತ್ತವರಿದ್ದಾರೆ. ಬೆಳೆ ಅದೇ, ವಸ್ತು ಅದೇ. ಆದರೂ ನಾವು ಮನೆಯಲ್ಲಿ ಕುಡಿಯುವುದೂ ಆ ಪುಡಿಯೂ ಒಂದಲ್ಲ.

ಮೂಲಿಕೆಯ ಸಾರಕ್ಕೂ ಹಾಗೆಯೇ. ನೀರಿನಲ್ಲಿ ಕುದಿಸಿದರೆ ನೀರಿಗೆ ಇಳಿಯುವುದು ಮಾತ್ರ ಇಳಿಯುತ್ತದೆ. ಮದ್ಯಸಾರದಲ್ಲಿ ನೆನೆಸಿದರೆ ಬೇರೆಯದು ಬರುತ್ತದೆ, ಹೆಕ್ಸೇನಿನಂಥ ದ್ರಾವಕದಲ್ಲಿ ಇನ್ನೂ ಬೇರೆಯದು. ಅಜ್ಜಿ ಎಂದೂ ಹೆಕ್ಸೇನಿನಲ್ಲಿ ನೆನೆಸಿರಲಿಲ್ಲ, ಆದುದರಿಂದ ಅಜ್ಜಿಯ ಅನುಭವ ಆ ಸಾರಕ್ಕೆ ಸಾಕ್ಷಿಯಾಗಲಾರದು. ನಮ್ಮ ಕಾನೂನೂ ಈ ಭೇದ ಮಾಡುತ್ತದೆ. 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿ ಕಾಯಿದೆಯ ಕೆಳಗೆ ಆಯುರ್ವೇದ ಔಷಧಗಳಿಗಾಗಿ 2010ರಲ್ಲಿ ಸೇರಿಸಿದ 158-ಬಿ ನಿಯಮದಂತೆ, ಪಟ್ಟಿಯಲ್ಲಿರುವ ಶಾಸ್ತ್ರಗ್ರಂಥಗಳಲ್ಲಿ ಹೇಳಿದ ಮದ್ದನ್ನು ಹೇಳಿದಂತೆಯೇ ತಯಾರಿಸಿದರೆ ಸುರಕ್ಷತೆಯ ಅಧ್ಯಯನವನ್ನು ಕೇಳುವುದಿಲ್ಲ. ನೀರು ಮತ್ತು ಮದ್ಯಸಾರಗಳಲ್ಲದ ದ್ರಾವಕದಿಂದ ತೆಗೆದ ಸಾರಕ್ಕಾದರೆ ತಕ್ಷಣದ ವಿಷ, ದೀರ್ಘಕಾಲದ ವಿಷ, ವಂಶವಾಹಿಗೆ ಹಾನಿ, ಬಸಿರಿಗೆ ಹಾನಿ ಈ ನಾಲ್ಕರ ಪರೀಕ್ಷೆಯೂ ಕಡ್ಡಾಯ. ಎಲ್ಲದಕ್ಕೂ ತಯಾರಿಕೆಯ ಲೈಸೆನ್ಸು ಬೇಕು, ಗುಣಮಟ್ಟದ ಪರೀಕ್ಷೆ ಬೇಕು. ಅದರಲ್ಲಿ ರಿಯಾಯಿತಿ ಇಲ್ಲ.

ಗುಣಮಟ್ಟದ ಪರೀಕ್ಷೆಯಲ್ಲಿ ನಾವು ಬೆಳೆಗಾರರು ನೇರವಾಗಿ ಸಿಕ್ಕಿಹಾಕಿಕೊಳ್ಳುತ್ತೇವೆ. ಸಾರದ ಹತ್ತು ಲಕ್ಷ ಪಾಲಿಗೆ ಸೀಸ 10 ಪಾಲು, ಶಂಖಪಾಷಾಣ 3, ಪಾದರಸ 1, ಕ್ಯಾಡ್ಮಿಯಂ 0.3 ಪಾಲನ್ನು ಮೀರುವಂತಿಲ್ಲ. ನಾವು ಹಾಕುವ ರಂಜಕದ ಗೊಬ್ಬರಗಳಲ್ಲಿ ಕ್ಯಾಡ್ಮಿಯಂ ಲೇಶ ಇರುತ್ತದೆ. ತಾಮ್ರ ಈ ನಾಲ್ಕರಲ್ಲಿ ಸೇರಿಲ್ಲ. ಆದರೆ ಡಾ. ಲೆಸ್ಲಿ ಕೋಲ್ಮನ್ನರು ಸುಮಾರು 1910ರಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ತೋರಿಸಿಕೊಟ್ಟಂದಿನಿಂದ ನಮ್ಮ ತೋಟಗಳಲ್ಲಿ ಮಳೆಗಾಲಕ್ಕೆ ಎರಡು ಮೂರು ಸಲ ಮೈಲುತುತ್ತ ಸುರಿಯುತ್ತಲೇ ಇದೆ. ಮರದ ಮೇಲೆ ಬಿದ್ದದ್ದು ಮರಕ್ಕೆ ಹಬ್ಬಿದ ಬಳ್ಳಿಯ ಮೇಲೂ ಬೀಳುತ್ತದೆ. ಕಾಫಿಯ ಕಾಂಡಕೊರಕಕ್ಕೆ ನಾವೆಲ್ಲ ಒಂದು ಕಾಲದಲ್ಲಿ ಬಳಿದ ಲಿಂಡೇನ್ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವ ವಸ್ತು. ಕೀಟನಾಶಕದ ಉಳಿಕೆ ಮಿತಿ ಮೀರಿ ಕಂಡರೆ ಸರಕು ಅಲ್ಲಿಗೇ ಬಿತ್ತು. ಇನ್ನು ಒಣಗಿಸುವುದು. ಮಳೆಗಾಲದಲ್ಲಿ ಕಡಿದ ಅಮೃತಬಳ್ಳಿಯ ಕಾಂಡ ವಾರಗಟ್ಟಲೆ ಹಸಿಯಾಗಿಯೇ ಇರುತ್ತದೆ, ಗೂಡಿಟ್ಟರೆ ಬೂಷ್ಟು ಹಿಡಿಯುತ್ತದೆ. ಸರಿಯಾಗಿ ಒಣಗದ ಕಾಫಿಯಲ್ಲಿ ಓಕ್ರಟಾಕ್ಸಿನ್ ಬಂದು ಸರಕು ತಿರಸ್ಕಾರವಾಗುವಂತೆ ಇಲ್ಲಿ ಅಫ್ಲಟಾಕ್ಸಿನ್. ನೂರು ಕೋಟಿ ಪಾಲಿಗೆ ಐದು ಪಾಲು ಮೀರಿದರೂ ಅದು ಔಷಧಿಗೆ ನಾಲಾಯಕ್ಕು.

ಇಲಿ ಹೇಳುವುದು, ಹೇಳದೆ ಇರುವುದು

ಇದೆಲ್ಲ ದಾಟಿದ ಮೇಲೆ ಪ್ರಾಣಿಗಳ ಮೇಲಿನ ಪರೀಕ್ಷೆ. ಪ್ರಾಣಿಗಳನ್ನು ಹಿಂಸಿಸುವುದೇ ಎಂದು ಮಂಡಳಿಯ ಸದಸ್ಯೆಯೊಬ್ಬರು ಕೇಳಿದರು. ಹಿಂಸೆ ಇದೆ. ಆ ಕಾರಣಕ್ಕೇ ಇಂಥ ಪ್ರಯೋಗಗಳಿಗೆ ಸಮಿತಿಯ ಒಪ್ಪಿಗೆ ಬೇಕು, ಇಲಿಗಳ ಸಂಖ್ಯೆಗೂ ಲೆಕ್ಕ ಕೊಡಬೇಕು. 1927ರಲ್ಲಿ ಟ್ರೆವನ್ ಎಂಬ ಆಂಗ್ಲ ವಿಜ್ಞಾನಿ, ಕೊಟ್ಟ ಪ್ರಾಣಿಗಳಲ್ಲಿ ಅರ್ಧ ಸಾಯುವ ಪ್ರಮಾಣವನ್ನು ವಿಷದ ಅಳತೆಯಾಗಿ ತಂದರು. ಅದಕ್ಕಾಗಿ ಬಹಳ ಪ್ರಾಣಿಗಳು ಸತ್ತವು. ಆ ಹಳೆಯ ವಿಧಾನವನ್ನು ಅಂತರರಾಷ್ಟ್ರೀಯ ಮಾರ್ಗಸೂಚಿಗಳಿಂದ 2002ರಲ್ಲಿ ತೆಗೆದುಹಾಕಿದರು. ಈಗ ಒಂದು ಹಂತಕ್ಕೆ ಮೂರೇ ಇಲಿ. ಒಂದು ಸಲ ಮದ್ದು ಕೊಟ್ಟು 14 ದಿನ ನೋಡುತ್ತಾರೆ. ದೇಹದ ತೂಕದ ಒಂದು ಕಿಲೋಗೆ 2000 ಮಿಲಿಗ್ರಾಂ ಕೊಟ್ಟರೂ ಸಾಯದಿದ್ದರೆ ತಕ್ಷಣದ ವಿಷವಲ್ಲವೆಂದು ಬರೆಯುತ್ತಾರೆ.

ಪೇಟೆಯ ಡಬ್ಬಿಗಳ ಮೇಲೆ ‘ಪ್ರಯೋಗಶಾಲೆಯಲ್ಲಿ ಸುರಕ್ಷಿತವೆಂದು ಸಿದ್ಧಪಟ್ಟಿದೆ’ ಎಂದಿದ್ದರೆ ಎಷ್ಟೋ ಸಲ ಅದರ ಹಿಂದೆ ಇರುವುದು ಈ 14 ದಿನದ ಪರೀಕ್ಷೆಯೊಂದೇ. ಬ್ರಸೆಲ್ಸಿನ ಹೆಂಗಸರಿಗೆ ಕೊಟ್ಟದ್ದೂ ಅವರನ್ನು 14 ದಿನದಲ್ಲಿ ಕೊಲ್ಲಲಿಲ್ಲ.

ನಿಜವಾದ ಕೆಲಸ ನಡೆಯುವುದು ದಿನಾ ಕೊಡುವ ಪರೀಕ್ಷೆಯಲ್ಲಿ. ಮೊದಲು 28 ದಿನ, ಆಮೇಲೆ 90 ದಿನ. 90 ದಿನದ್ದಕ್ಕೆ ಒಂದೊಂದು ಗುಂಪಿನಲ್ಲಿ ಹತ್ತು ಗಂಡು ಹತ್ತು ಹೆಣ್ಣು ಇಲಿಗಳಿರುತ್ತವೆ. ಒಂದು ಗುಂಪಿಗೆ ಮದ್ದಿಲ್ಲ, ಉಳಿದವಕ್ಕೆ ಕಡಿಮೆ, ಮಧ್ಯಮ, ಹೆಚ್ಚು. ತಿಂದ ಮೇವು ತೂಗುತ್ತಾರೆ, ಮೈ ತೂಗುತ್ತಾರೆ. ಕೊನೆಗೆ ರಕ್ತ ತೆಗೆದು, ಲಿವರ್ ಎಂದು ನಾವೆಲ್ಲ ಹೇಳುವ ಯಕೃತ್ತು ನೋಯುತ್ತಿದ್ದರೆ ರಕ್ತಕ್ಕೆ ಸೋರುವ ವಸ್ತುಗಳನ್ನೂ, ಮೂತ್ರಪಿಂಡ ಸೋತಿದ್ದರೆ ಏರುವ ಕ್ರಿಯಾಟಿನಿನ್ನನ್ನೂ ಅಳೆಯುತ್ತಾರೆ. ಅಂಗಾಂಗಗಳನ್ನು ತೂಗಿ, ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಯಾವ ಪ್ರಮಾಣದವರೆಗೆ ಏನೂ ಕೆಟ್ಟದ್ದು ಕಾಣಲಿಲ್ಲವೋ ಅದನ್ನು ಹಿಡಿದು, ಇಲಿಗೂ ಮನುಷ್ಯನಿಗೂ ಇರುವ ಅಂತರಕ್ಕೆ ಹತ್ತರಿಂದಲೂ, ಮನುಷ್ಯ ಮನುಷ್ಯರ ಅಂತರಕ್ಕೆ ಇನ್ನೊಂದು ಹತ್ತರಿಂದಲೂ ಭಾಗಿಸುವುದು ರೂಢಿ. ಲೆಕ್ಕಕ್ಕೆಂದು ಕಿಲೋಗೆ 500 ಮಿಲಿಗ್ರಾಂ ಎಂದಿಟ್ಟುಕೊಳ್ಳಿ. ನೂರರಿಂದ ಭಾಗಿಸಿದರೆ 5. ಅರವತ್ತು ಕಿಲೋ ತೂಕದವರಿಗೆ ದಿನಕ್ಕೆ 300 ಮಿಲಿಗ್ರಾಂ. ನಮ್ಮ ಒಂದು ಲೋಟ ಕಷಾಯದಲ್ಲಿ ಒಣ ಸಾರ ಎಷ್ಟಿರುತ್ತದೆ? ಅದನ್ನು ಬತ್ತಿಸಿ ತೂಗಿದವರು ನಮ್ಮಲ್ಲಿ ಯಾರೂ ಇಲ್ಲ. 2020ರಲ್ಲಿ ತೂಗಿದ್ದರೆ ದಿನದಿಂದ ದಿನಕ್ಕೆ ದುಪ್ಪಟ್ಟು ವ್ಯತ್ಯಾಸ ಬರುತ್ತಿತ್ತೆಂಬುದು ಕಟ್ಟುಗಳ ಲೆಕ್ಕದಿಂದಲೇ ಗೊತ್ತು.

ಕ್ಯಾನ್ಸರಿನ ಅನುಮಾನಕ್ಕೆ ಇಲಿಗಿಂತ ಮುಂಚೆ ಬ್ಯಾಕ್ಟೀರಿಯಾವನ್ನು ಕೇಳುತ್ತಾರೆ. ಕ್ಯಾಲಿಫೋರ್ನಿಯದ ಬ್ರೂಸ್ ಏಮ್ಸ್ 1970ರ ದಶಕದಲ್ಲಿ ರೂಪಿಸಿದ ಪರೀಕ್ಷೆ ಅದು. ಹಿಸ್ಟಿಡಿನ್ ಎಂಬ ಪೋಷಕವನ್ನು ತಾವಾಗಿ ತಯಾರಿಸಿಕೊಳ್ಳಲಾರದ ಬ್ಯಾಕ್ಟೀರಿಯಾಗಳನ್ನು ಅದು ಇಲ್ಲದ ತಟ್ಟೆಯಲ್ಲಿ ಹಾಕಿ ಸಾರ ಸೇರಿಸುತ್ತಾರೆ. ಸಾರ ಅವುಗಳ ವಂಶವಾಹಿಯನ್ನು ಕೆದಕುವಂಥದಾದರೆ ಕೆಲವು ಮತ್ತೆ ಆ ಶಕ್ತಿ ಪಡೆದು ಚುಕ್ಕೆಚುಕ್ಕೆಯಾಗಿ ಬೆಳೆಯುತ್ತವೆ. ನಿರುಪದ್ರವಿಯಾದ ವಸ್ತುವೂ ಯಕೃತ್ತಿನಲ್ಲಿ ಬದಲಾಗಿ ಉಪದ್ರವಿಯಾಗಬಹುದಾದ ಕಾರಣ ಇಲಿಯ ಯಕೃತ್ತಿನ ರಸವನ್ನೂ ತಟ್ಟೆಗೆ ಬೆರೆಸುತ್ತಾರೆ. ಎರಡೇ ದಿನದ ಕೆಲಸ, ಖರ್ಚೂ ಕಡಿಮೆ.

ಇಷ್ಟೆಲ್ಲ ಆದರೂ ಒಂದು ಉಳಿಯುತ್ತದೆ. ಸಾವಿರಕ್ಕೊಬ್ಬರಿಗೆ ಮಾತ್ರ ತಟ್ಟುವ ತೊಂದರೆಯನ್ನು ಒಬ್ಬರಲ್ಲಾದರೂ ಕಾಣಲು ಸುಮಾರು ಮೂರು ಸಾವಿರ ಮಂದಿಯನ್ನು ಗಮನಿಸಬೇಕೆಂಬುದು ಗಣಿತ. ಇಪ್ಪತ್ತು ಇಲಿಗಳಲ್ಲಿ ಅದು ಕಾಣುವುದಿಲ್ಲ. ಅಮೃತಬಳ್ಳಿಯ ಬಗ್ಗೆ ಎದ್ದ ವಿವಾದ ಇಂಥದೇ. 2020ರ ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ಮುಂಬಯಿಯಲ್ಲಿ ಅದನ್ನು ಸೇವಿಸಿ ಯಕೃತ್ತು ಕೆಟ್ಟು ಬಂದ 6 ರೋಗಿಗಳ ವಿವರವನ್ನು ವೈದ್ಯರು 2021ರಲ್ಲಿ ಪ್ರಕಟಿಸಿದರು. 2022ರಲ್ಲಿ ದೇಶದ 13 ಕೇಂದ್ರಗಳ ವೈದ್ಯರು ಸೇರಿ 43 ರೋಗಿಗಳ ವಿವರ ಕೊಟ್ಟರು. ಅನೇಕರಲ್ಲಿ ದೇಹದ ರಕ್ಷಣಾಶಕ್ತಿಯೇ ಯಕೃತ್ತಿನ ಮೇಲೆ ತಿರುಗಿಬಿದ್ದಂತೆ ಕಂಡಿತು. ಕೆಲವರಿಗೆ ಮೊದಲೇ ಥೈರಾಯ್ಡ್, ಸಕ್ಕರೆ ಕಾಯಿಲೆ ಇತ್ತು. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ಬಳ್ಳಿಯನ್ನು ಸರಿಯಾಗಿ ಗುರುತಿಸಿಲ್ಲ, ಕ್ರಿಸ್ಪ ಜಾತಿ ಬೆರೆತಿರಬಹುದು, ಅಮೃತಬಳ್ಳಿ ಸುರಕ್ಷಿತ ಎಂದು ಹೇಳಿತು. ಕೋಟಿಗಟ್ಟಲೆ ಜನ ಕುಡಿದ ವರ್ಷಗಳಲ್ಲಿ 43 ದೊಡ್ಡ ಸಂಖ್ಯೆಯಲ್ಲ. ಆದರೆ ನಮ್ಮ ಸದಸ್ಯರ ಮನೆಯಾಕೆಯ ಮುಖ ನೆನಪಾದಾಗ ಅದು ಸಣ್ಣ ಸಂಖ್ಯೆಯಾಗಿಯೂ ನಮಗೆ ಕಾಣುವುದಿಲ್ಲ. ಇಂಥ ಪ್ರಸಂಗಗಳನ್ನು ದಾಖಲಿಸಲೆಂದೇ ಆಯುಷ್ ಸಚಿವಾಲಯದ ನಿಗಾ ಯೋಜನೆ 2018ರಿಂದ ಇದೆ, ದೆಹಲಿಯ ಅಖಿಲ ಭಾರತ ಆಯುರ್ವೇದ ಸಂಸ್ಥೆ ಅದರ ಮುಖ್ಯ ಕೇಂದ್ರ.

ಮಂಡಳಿ ತೀರ್ಮಾನಿಸಿದ್ದು ಇಷ್ಟು. ಸಂಘದ ಹೆಸರಿನಲ್ಲಿ ಕಷಾಯವನ್ನು ಬಾಟಲಿಗೆ ತುಂಬುವ ಯೋಜನೆ ಸದ್ಯಕ್ಕೆ ಇಲ್ಲ. 90 ದಿನದ ಪರೀಕ್ಷೆಗೆ ಲಕ್ಷಗಟ್ಟಲೆ ಬೇಕು, ಲೈಸೆನ್ಸಿನ ಕಾರ್ಖಾನೆ ಬೇಕು, ನಮ್ಮ ಷೇರು ಬಂಡವಾಳ ಅದಕ್ಕೆ ಸಾಲದು. ಹಿರಿಯ ಸದಸ್ಯರಿಗೆ ನಿರಾಶೆಯಾದೀತು, ಅವರ ಮನೆಗೆ ಹೋಗಿ ವಿವರಿಸಿ ಬಂದಿದ್ದೇವೆ. ಒಪ್ಪಿದರೋ ಇಲ್ಲವೋ ತಿಳಿಯದು, ಕಾಫಿ ಮಾತ್ರ ಕೊಟ್ಟರು. ಅದರ ಬದಲು, ಗುರುತು ಖಚಿತವಾದ ಅಮೃತಬಳ್ಳಿಯ ಒಣ ಕಾಂಡವನ್ನು ಲೈಸೆನ್ಸುಳ್ಳ ತಯಾರಕರಿಗೆ ಸಂಘದ ಮೂಲಕ ಒಟ್ಟಾಗಿ ಮಾರುವ ಬಗ್ಗೆ ಮಾತುಕತೆ ನಡೆದಿದೆ. ಮೊದಲ ಹಂತವಾಗಿ ಮಾದರಿಗಳನ್ನು ಗುರುತಿಸುವಿಕೆಗೂ ಲೋಹಗಳ ಪರೀಕ್ಷೆಗೂ ಸಂಘದ ಖರ್ಚಿನಲ್ಲಿಯೇ ಕಳುಹಿಸುತ್ತೇವೆ.

ಆಸಕ್ತಿಯುಳ್ಳವರು ಮಳೆ ನಿಂತ ಮೇಲೆ ಗೇಣುದ್ದದ ನಾಲ್ಕು ಕಾಂಡದ ತುಂಡು, ಎಲೆ, ಇದ್ದರೆ ಹೂವು ಹಣ್ಣಿನ ಗೊಂಚಲನ್ನು ಹಳೆಯ ಪತ್ರಿಕೆಯ ನಡುವೆ ಇಟ್ಟು ಕಚೇರಿಗೆ ತರಬೇಕು. ಪ್ಲಾಸ್ಟಿಕ್ ಚೀಲದಲ್ಲಿ ತರಬಾರದು, ಬೆವರಿ ಕೊಳೆಯುತ್ತದೆ. ಜೊತೆಯ ಚೀಟಿಯಲ್ಲಿ ಸದಸ್ಯ ಸಂಖ್ಯೆ, ಬಳ್ಳಿ ಹಬ್ಬಿದ ಮರ ಯಾವುದು, ಆ ಜಾಗದಲ್ಲಿ ಕೊನೆಯ ಸಲ ಯಾವ ಔಷಧಿ ಹೊಡೆದದ್ದು, ಯಾವ ದಿನ ಎಂಬುದನ್ನು ಬರೆಯಬೇಕು. ನೆನಪಿಲ್ಲದಿದ್ದರೆ ನೆನಪಿಲ್ಲವೆಂದೇ ಬರೆಯಿರಿ. ಮನೆಯಲ್ಲಿ ಯಾರಾದರೂ ದಿನಾ ಕಷಾಯ ಕುಡಿಯುತ್ತಿದ್ದು ಕಣ್ಣು ಹಳದಿಯಾದರೆ, ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ, ಅಂದೇ ಕಷಾಯ ನಿಲ್ಲಿಸಿ ವೈದ್ಯರಲ್ಲಿಗೆ ಹೋಗಿ. ಹೋಗುವಾಗ ಕುದಿಸಿದ ಬಳ್ಳಿಯ ಒಂದು ತುಂಡನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗಿ.